ಅಜ್ಜಿಯ ಮಂಕರಿಯಲ್ಲಿ ಎರಡು ಬಣ್ಣ

ಎರಡೂವರೆ ವರ್ಷದ ಮಗು ಇನ್ನೂ ಬಣ್ಣಗಳ ಹೆಸರು ಹೇಳುತ್ತಿಲ್ಲ, ಮನೆಯಲ್ಲಿ ಕನ್ನಡ, ಹೊರಗೆ ಜರ್ಮನ್ ಆಗಿ ಗೊಂದಲವಾಯಿತೇ ಎಂದು ನಿನ್ನೆ ಗುಂಪಿನಲ್ಲಿ ಕೇಳಿದ ತಾಯಿಗೆ ಈ ಉತ್ತರ. ಹೋದ ವರ್ಷ ಇದೇ ಆತಂಕ ನನ್ನನ್ನೂ ಕಾಡಿತ್ತು.

ಆಗ ನಾವು ರಜೆಗೆ ರೇಷ್ಮೆಗೆ ಹೆಸರಾದ ಶಿಡ್ಲಘಟ್ಟಕ್ಕೆ ಹೋಗಿದ್ದೆವು. ಬಣ್ಣದ ಚಿತ್ರಪಟ್ಟಿಗಳ ಕಟ್ಟನ್ನೇ ಒಯ್ದಿದ್ದೆ. 'ಇದು ಯಾವ ಬಣ್ಣ ಪುಟ್ಟಿ?' ಎಂದರೆ ಸಾಕು, ಮಗಳು ಮುಖ ತಿರುಗಿಸುತ್ತಿದ್ದಳು. ಅಮ್ಮ ಅದನ್ನು ಎರಡು ದಿನ ನೋಡಿದರು. ಮೂರನೆಯ ದಿನ ರೇಷ್ಮೆಹುಳು ಸಾಕುವ ಹುಳುಮನೆಯ ಜಗಲಿಯಲ್ಲಿ ಅವಳನ್ನು ಕೂರಿಸಿ, ನಮ್ಮ ಮಿಶ್ರತಳಿ ಹುಳುವಿನ ಹಳದಿ ರೇಷ್ಮೆಗೂಡಿಗೆ ಪಕ್ಕದ ಮನೆಯಿಂದ ತಂದ, ದ್ವಿತಳಿ ಎಂಬ ಇನ್ನೊಂದು ಬಗೆಯ ಹುಳುವಿನ ಬಿಳಿ ಗೂಡನ್ನು ಬೆರೆಸಿ ಮಂಕರಿಗೆ ಸುರಿದರು. ಖಾಲಿ ಮೊರ ಎರಡು. 'ಇದರ ಜೊತೆಗಾರ ಎಲ್ಲಿ, ಹುಡುಕು' ಎಂದಷ್ಟೇ ಹೇಳಿದರು. ಮಗಳು ಒಂದೊಂದು ಗೂಡನ್ನೂ ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, ಆಮೇಲೆ ಮೊರಕ್ಕೆ ಹಾಕಿದಳು. ಬೆರಕೆ ಆದದ್ದು ಎರಡೋ ಮೂರೋ. ಬಣ್ಣದ ಭೇದ ಅವಳಿಗೆ ಮೊದಲೇ ತಿಳಿದಿತ್ತು, ಮಾತು ಮಾತ್ರ ಬಂದಿರಲಿಲ್ಲ.

ಬಣ್ಣದ ಹೆಸರು ಕಷ್ಟ ಏಕೆಂದರೆ ಬಣ್ಣವನ್ನು ಬೇರೆಯಾಗಿ ಕೈಯಲ್ಲಿ ಹಿಡಿಯಲಾಗದು. ಗೂಡೂ ಹಳದಿ, ಅರಿಸಿನವೂ ಹಳದಿ, ಚೆಂಡುಹೂವೂ ಹಳದಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಕ್ಕಳ ಬೆಳವಣಿಗೆಯ ಪಟ್ಟಿಯೂ 30 ತಿಂಗಳಿಗೆ ನಿರೀಕ್ಷಿಸುವುದು, ಕೇಳಿದಾಗ ಒಂದು ಬಣ್ಣವನ್ನಾದರೂ ಗುರುತಿಸಿ ತೋರಿಸುವುದನ್ನು. ಕೆಲವು ಬಣ್ಣಗಳ ಹೆಸರು ಹೇಳುವುದು 4 ವರ್ಷದ ಸಾಲಿನಲ್ಲಿದೆ.

ಆಕಾರವೂ ಕೈಯಿಂದಲೇ ಬಂತು. ಹುಳು ಗೂಡು ಕಟ್ಟಲು ಬಿಡುವ ತಟ್ಟೆಯಾದ ಚಂದ್ರಿಕೆಯ ಬಿದಿರಿನ ಸುರುಳಿಯಲ್ಲಿ ಬೆರಳಾಡಿಸುತ್ತಾ ಕೂತವಳು ವಾರದೊಳಗೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಸೊಟ್ಟ ಸೊಟ್ಟ ಸುತ್ತು ಎಳೆಯತೊಡಗಿದಳು. ನಾವಿರುವ ಜರ್ಮನಿಯಲ್ಲಿ 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟ ಶಿಕ್ಷಣತಜ್ಞ ಫ್ರೋಬೆಲ್ ಕೂಡ ಮಗುವಿನ ಕೈಗೆ ಮೊದಲು ಇಟ್ಟದ್ದು ಬಣ್ಣದ ಉಣ್ಣೆಯ ಚೆಂಡು, ಆಮೇಲೆ ಮರದ ಗುಂಡು ಮತ್ತು ಘನ.

ನಿಮ್ಮ ಮನೆಯಲ್ಲಿ ಗೂಡು ಸಿಗದು, ಕಾಲುಚೀಲಗಳಿವೆಯಲ್ಲ. ಒಗೆದ ಬಟ್ಟೆ ಮಡಿಸುವಾಗ ಜೋಡಿ ಹುಡುಕಲು ಬಿಡಿ. ಗುಂಡಿ, ಅವರೆಕಾಳು ಬೇಡ, ಗಂಟಲಿಗೆ ಸಿಕ್ಕೀತು. ಮಗು ಹಳದಿಗೆ ಜರ್ಮನ್‌ನಲ್ಲಿ 'ಗೆಲ್ಬ್' ಎಂದರೆ ತಿದ್ದಬೇಡಿ, ಅದು ಸರಿಯಾದ ಉತ್ತರವೇ. 'ಹೌದು ಕಂದ, ಕಾಲುಚೀಲ ಹಳದಿ' ಎಂದು ಕನ್ನಡದಲ್ಲಿ ಮಾತು ಮುಂದುವರಿಸಿ. ಜೋಡಿ ಮಾಡುವುದೂ ಆಗುತ್ತಿಲ್ಲ, ಕರೆದರೂ ತಿರುಗಿ ನೋಡುವುದಿಲ್ಲ ಎಂದಾದರೆ ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.