ಸೀಟು ಸಿಕ್ಕಿದೆ, ಹಣವಿಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಕೇರಳದ ಮಂಜೇಶ್ವರ ತಾಲೂಕಿನ ತಾಯಿಯೊಬ್ಬರು ತಮ್ಮ ಕಷ್ಟವನ್ನು ತೋಡಿಕೊಂಡಿದ್ದರು. ಗಂಡನಿಗೆ ದುಡಿಯಲಾಗದು, ಬೀಡಿ ಕಟ್ಟಿದ ಹಣದಿಂದಲೇ ಮನೆ ನಡೆಯಬೇಕು. ಕನ್ನಡ ಮಾಧ್ಯಮದಲ್ಲಿ ಕಲಿತ ಮಗಳಿಗೆ ಪ್ಲಸ್ ಟು (ಹನ್ನೆರಡನೆಯ ತರಗತಿ) ನಂತರ ಸರಕಾರಿ ಕಾಲೇಜಿನಲ್ಲಿ ಬಿ.ಕಾಂ.ಗೆ ಅಲೋಟ್‌ಮೆಂಟ್ (ಸೀಟು ಹಂಚಿಕೆ) ಬಂದಿದೆ. ಆದರೆ ಅವಳು ಒಂದು ವರ್ಷ ಬಟ್ಟೆ ಅಂಗಡಿಯಲ್ಲಿ ದುಡಿದು, ಹಣ ಕೂಡಿಟ್ಟು ಆಮೇಲೆ ಸೇರುತ್ತೇನೆ ಎನ್ನುತ್ತಾಳೆ. ಇದಕ್ಕೂ ಮೊದಲು ಮಂಗಳೂರಿನ ಖಾಸಗಿ ಕಾಲೇಜೊಂದಕ್ಕೆ ಕೊಟ್ಟಿದ್ದ ಮೂಲ ಅಂಕಪಟ್ಟಿ ಇನ್ನೂ ಕೈಸೇರಿಲ್ಲ.

ಸಹೋದರಿಯವರೇ, ಮಗಳ ಮಾತಿಗೆ ದಯವಿಟ್ಟು ಒಪ್ಪಬೇಡಿ. ಒಂದು ವರ್ಷಕ್ಕೆಂದು ಅಂಗಡಿಗೆ ಹೋದ ನನ್ನ ವಿದ್ಯಾರ್ಥಿನಿಯರಲ್ಲಿ ಮರಳಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇಬ್ಬರೇ. ಹೇಳಿದ ದಿನದೊಳಗೆ ಶುಲ್ಕ ಕಟ್ಟಿ ಸೀಟನ್ನು ಖಚಿತಪಡಿಸಿಕೊಳ್ಳದಿದ್ದರೆ ಅಲೋಟ್‌ಮೆಂಟ್ ಕೈತಪ್ಪಿಹೋಗುತ್ತದೆ, ಆದ್ದರಿಂದ ಬೇರೆಲ್ಲ ಚಿಂತೆಯನ್ನು ಬದಿಗಿಟ್ಟು ಮೊದಲು ಆ ಕೆಲಸ ಮುಗಿಸಿ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಇ-ಗ್ರಾಂಟ್ಸ್ ಎಂಬ ಕೇರಳ ಸರಕಾರದ ವಿದ್ಯಾರ್ಥಿ ನೆರವಿನ ವ್ಯವಸ್ಥೆಯ ಮೂಲಕ ಶುಲ್ಕವನ್ನು ಸರಕಾರವೇ ಭರಿಸುತ್ತದೆ, ಕಾಲೇಜಿನ ಕಚೇರಿಯಲ್ಲಿ ಅದನ್ನು ಮೊದಲೇ ತಿಳಿಸಿ.

ನಿಮ್ಮ ಪತ್ರದಲ್ಲಿ ಬೀಡಿಯ ಪ್ರಸ್ತಾಪವಿದ್ದುದರಿಂದ ಇನ್ನೊಂದು ಮಾತು. ಕೇಂದ್ರ ಕಾರ್ಮಿಕ ಸಚಿವಾಲಯವು ಬೀಡಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಪದವಿ ತರಗತಿಗೆ ವರ್ಷಕ್ಕೆ 6,000 ರೂಪಾಯಿ, ವೃತ್ತಿಪರ ಕೋರ್ಸುಗಳಿಗೆ 25,000 ರೂಪಾಯಿ. ತಾಯಿ ಕನಿಷ್ಠ ಆರು ತಿಂಗಳು ಕೆಲಸ ಮಾಡಿರಬೇಕು, ಮನೆಯ ಒಟ್ಟು ವರಮಾನ ತಿಂಗಳಿಗೆ 10,000 ರೂಪಾಯಿ ಮೀರಬಾರದು, ಬೀಡಿ ಕಾರ್ಮಿಕರ ಗುರುತಿನ ಚೀಟಿ ಇರಬೇಕು. ಎಲೆ, ಹೊಗೆಸೊಪ್ಪು ತರಲು ವಾರವಾರವೂ ಬೀಡಿ ಕಂಪನಿಯ ಬ್ರಾಂಚಿಗೆ ಹೋಗುವ ಎಷ್ಟೋ ತಾಯಂದಿರಿಗೆ ಆ ಚೀಟಿಯಿಂದ ಮಕ್ಕಳ ಓದಿಗೂ ಪ್ರಯೋಜನವಿದೆ ಎಂಬುದು ತಿಳಿದಿಲ್ಲ. ಹಾಗೆ ನೋಡಿದರೆ ನನಗೂ ಅದು ತಿಳಿದದ್ದು ನಿವೃತ್ತಿಗೆ ಎರಡು ವರ್ಷ ಇರುವಾಗ.
– ನಿವೃತ್ತ ಅಧ್ಯಾಪಕ, ಬದಿಯಡ್ಕ

ಅಕ್ಕಾ, ನಾನು ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ದುಡಿಯುವವಳು. ಅರ್ಹತೆ ಇಲ್ಲದೆ ತಿರಸ್ಕೃತವಾಗುವ ಅರ್ಜಿಗಳಿಗಿಂತ ಹೆಸರು ಸರಿಹೊಂದದೆ ಸಿಕ್ಕಿಹಾಕಿಕೊಳ್ಳುವ ಅರ್ಜಿಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಹೋದ ವರ್ಷ ಒಬ್ಬ ಹುಡುಗಿಯ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್ ಹೆಸರಿನ ಕೊನೆಯಲ್ಲಿತ್ತು, ಆಧಾರ್‌ನಲ್ಲಿ ಅದೇ ಇನಿಷಿಯಲ್ಲನ್ನು ಬಿಡಿಸಿ ಹೆಸರಿನ ಮೊದಲಿಗೆ ಬರೆದಿದ್ದರು. ತಾಯಿಯ ಬೀಡಿ ಚೀಟಿಯಲ್ಲಿ ತವರುಮನೆಯ ವಿಳಾಸ, ರೇಷನ್ ಕಾರ್ಡಿನಲ್ಲಿ ಗಂಡನ ಮನೆಯ ವಿಳಾಸ. ಇವೆಲ್ಲ ಸರಿಯಾಗುವಷ್ಟರಲ್ಲಿ ಕೊನೆಯ ದಿನಾಂಕ ಕಳೆದುಹೋಯಿತು. ನೀವು ಎಲ್ಲ ಕಾಗದಗಳನ್ನೂ ಈಗಲೇ ಮೇಜಿನ ಮೇಲೆ ಹರಡಿ ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿ, ವಿಲ್ಲೇಜ್ ಆಫೀಸಿನ ವರಮಾನ ಸರ್ಟಿಫಿಕೇಟಿಗೆ ಅರ್ಜಿ ಹಾಕಿ, ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ತಿಳಿದುಕೊಳ್ಳಿ. ವಿದ್ಯಾರ್ಥಿವೇತನ ಮಂಜೂರಾದರೂ ಜೋಡಣೆಯಿಲ್ಲದ ಖಾತೆಗೆ ಹಣ ಬರುವುದಿಲ್ಲ.
– ಕುಂಬಳೆಯ ಓದುಗಾರ್ತಿ

ಬೀಡಿ ವಿದ್ಯಾರ್ಥಿವೇತನವನ್ನೇ ನೆಚ್ಚಿ ಕೂರುವುದು ಬೇಡವೆಂದು ನನ್ನ ಅನಿಸಿಕೆ. ಅದಕ್ಕೆ ಅರ್ಜಿ ಹಾಕುವ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ಎಂಬ ಜಾಲತಾಣದಲ್ಲಿಯೇ ಪದವಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 12,000 ರೂಪಾಯಿ ಕೊಡುವ ಕೇಂದ್ರದ ಇನ್ನೊಂದು ಯೋಜನೆ ಇದೆ. ಇದಕ್ಕೆ ಕುಟುಂಬದ ವಾರ್ಷಿಕ ವರಮಾನ 4.5 ಲಕ್ಷ ರೂಪಾಯಿಯೊಳಗಿರಬೇಕು, ಪ್ಲಸ್ ಟುವಿನಲ್ಲಿ 80 ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದನ್ನು ಶೇಕಡಾ 80 ಅಂಕವೆಂದು ತಿಳಿಯಬಾರದು. ಆ ವಿಭಾಗದಲ್ಲಿ ಪಾಸಾದ ನೂರು ಮಂದಿಯಲ್ಲಿ ಮೊದಲ ಇಪ್ಪತ್ತರೊಳಗೆ ಇರಬೇಕೆಂದು ಅರ್ಥ. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ, ಆದ್ದರಿಂದ ಅಂಕ ಸಾಕಷ್ಟಿದ್ದರೆ ಇದನ್ನೇ ಆರಿಸಿಕೊಳ್ಳಿ. ಸರಕಾರಿ ಕಾಲೇಜಿನ ಬಿ.ಕಾಂ.ಗೆ ಶಿಕ್ಷಣ ಸಾಲದ ಅಗತ್ಯವೇ ಇಲ್ಲ. ನಿಜವಾಗಿ ತಿಂಗಳು ತಿಂಗಳು ಕೈ ಕಚ್ಚುವುದು ಬಸ್ಸು ಮತ್ತು ಮಧ್ಯಾಹ್ನದ ಊಟ, ಹಾಗಾಗಿ ಸೇರಿದ ವಾರದಲ್ಲೇ ಬಸ್ಸಿನ ಕನ್ಸೆಷನ್ ಕಾರ್ಡ್ ಮಾಡಿಸಿಕೊಳ್ಳಲಿ.
– ಮುಳ್ಳೇರಿಯದ ಸ್ನಾತಕೋತ್ತರ ವಿದ್ಯಾರ್ಥಿ

ಮೂಲ ಅಂಕಪಟ್ಟಿಯ ಬಗ್ಗೆ ಮಾತ್ರ ಬರೆಯುತ್ತೇನೆ. ನನ್ನ ಮಗನಿಗೂ ಒಂದು ಖಾಸಗಿ ಕಾಲೇಜಿನವರು "ಪೂರ್ತಿ ಫೀಸು ಕಟ್ಟಿ, ಆಮೇಲೆ ಕೊಡುತ್ತೇವೆ" ಎಂದು ಎರಡು ವಾರ ಅಲೆಸಿದ್ದರು. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು, ತಮ್ಮಲ್ಲಿ ಇರಿಸಿಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಸೀಟು ಬಿಟ್ಟುಕೊಡುವ ವಿದ್ಯಾರ್ಥಿಗೆ ಶುಲ್ಕವನ್ನು ಹೇಗೆ ಮರಳಿಸಬೇಕೆಂಬುದೂ ಅದರಲ್ಲಿದೆ. ಪ್ರವೇಶದ ಕೊನೆಯ ದಿನ ಹತ್ತಿರವಾದಂತೆ ಮರಳಿ ಸಿಗುವ ಮೊತ್ತ ಕಡಿಮೆಯಾಗುತ್ತದೆ, ಮುಂಗಡ ಕಟ್ಟಿದ್ದರೆ ತಡಮಾಡಬೇಡಿ. ಬಾಯಿಮಾತಿನಲ್ಲಿ ಕೇಳುತ್ತಾ ಕೂರದೆ ಒಂದು ಪುಟದ ಅರ್ಜಿ ಬರೆದು, ಅಧಿಸೂಚನೆಯ ಪ್ರತಿಯನ್ನು ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ನಾನು ಹಾಗೆ ಮಾಡಿದ ಮೂರನೆಯ ದಿನ ಅಂಕಪಟ್ಟಿ ಬಂತು, ಲಕೋಟೆಯನ್ನು ಅಂಟಿಸಿಯೂ ಇರಲಿಲ್ಲ.
– ಉಪ್ಪಳದ ಓದುಗ