ನಿಮ್ಮ 10 ಮೆಗಾಹರ್ಟ್ಸ್ ಎಷ್ಟು ಖರೆ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ಶರಣು. ಇವತ್ತು ಸಂಜೆ 5ರಿಂದ ಕಾಕಾ ಉತ್ತರ ಕೊಡುತ್ತಾರೆ. 31 ವರ್ಷ ಅಳತೆ ಉಪಕರಣಗಳ ಕ್ಯಾಲಿಬ್ರೇಶನ್ ಮಾಡಿ ನಿವೃತ್ತರಾದವರು, ಈಗ ಕಲಬುರಗಿಯಲ್ಲೇ ಇದ್ದಾರೆ. ಗಡಿಯಾರ, ಕಂಪನ ಎಣಿಸುವ ಕೌಂಟರ್, ವೋಲ್ಟೇಜಿನ ಅಲೆ ತೋರಿಸುವ ಸ್ಕೋಪ್, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್, ಏನೇ ಇರಲಿ ಕೇಳಿ. ಗುಡ್ ಮಾರ್ನಿಂಗ್ ಫೋಟೋ ಬೇಡ.

ಆಳಂದ ನಾಕಾ: ಶರಣು ಕಾಕಾ. ಗೋಡೆ ಗಡಿಯಾರ ಚಳಿಗಾಲದಲ್ಲಿ ಸರಿ ಇರುತ್ತದೆ. ಏಪ್ರಿಲ್, ಮೇನಲ್ಲಿ ಹಿಂದೆ ಬೀಳುತ್ತದೆ. ಸೆಲ್ ಹೊಸದು. ಯಾಕ್ರಿ?

ಕಾಕಾ: ಶರಣ್ರಿ. ಒಳಗೆ 32,768 ಹರ್ಟ್ಸ್ ಕ್ರಿಸ್ಟಲ್ ಇದೆ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಹರಳು. ಅದು 25 ಡಿಗ್ರಿ ಹತ್ತಿರ ಖುಷಿಯಾಗಿರುತ್ತದೆ. ಅಲ್ಲಿಂದ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ವ್ಯತ್ಯಾಸದ ವರ್ಗಕ್ಕೆ 0.034 ಗುಣಿಸಿ, ಹತ್ತು ಲಕ್ಷಕ್ಕೆ ಎಷ್ಟು ಅಂತ ಬರುತ್ತದೆ. ನಮ್ಮ 42 ಡಿಗ್ರಿಗೆ 17ರ ವರ್ಗ 289, ಅಂದರೆ ಸುಮಾರು 9.8. ದಿನಕ್ಕೆ 0.85 ಸೆಕೆಂಡ್, ತಿಂಗಳಿಗೆ 25 ಸೆಕೆಂಡ್. ಗಡಿಯಾರದ ತಪ್ಪಲ್ಲ, ಕಲಬುರಗಿ ಬಿಸಿಲಿನದು.

ಸೇಡಂ ರೇಡಿಯೋ: ಸರ್, ಜಿಪಿಎಸ್ ಮಾಡ್ಯೂಲ್ ಹಾಕಿ ಗಡಿಯಾರ ಮಾಡಿದೆ. ಫೋನಿಗಿಂತ ಸರಿಯಾಗಿ 18 ಸೆಕೆಂಡ್ ಮುಂದೆ ಓಡುತ್ತಿದೆ.

ಕಾಕಾ: ನೀವು ತೆಗೆದುಕೊಂಡಿದ್ದು ಜಿಪಿಎಸ್ ಸಮಯ, ಯುಟಿಸಿ (ಜಗತ್ತಿನ ಗಡಿಯಾರಗಳು ಅನುಸರಿಸುವ ಸಮಯ) ಅಲ್ಲ. ಜಿಪಿಎಸ್ ಎಣಿಕೆ 1980ರ ಜನವರಿ 6ಕ್ಕೆ ಶುರುವಾಯಿತು. ಅದಕ್ಕೆ ಲೀಪ್ ಸೆಕೆಂಡ್, ಅಂದರೆ ಭೂಮಿಯ ತಿರುಗುವಿಕೆಗೆ ಹೊಂದಿಸಲು ಆಗಾಗ ಸೇರಿಸುವ ಸೆಕೆಂಡ್, ಗೊತ್ತಿಲ್ಲ. ಆಮೇಲೆ ಯುಟಿಸಿಗೆ 18 ಸೇರಿದವು, ಕೊನೆಯದು 2016ರ ಡಿಸೆಂಬರ್ ಕೊನೆಗೆ. ಮಾಡ್ಯೂಲ್ ಕೊಡುವ ಯುಟಿಸಿ ಸಾಲನ್ನೇ ಓದಿ, ಅದಕ್ಕೆ ಐದೂವರೆ ಗಂಟೆ ಸೇರಿಸಿ.

ಗಂಜ್ ಅಂಗಡಿ: ನನ್ನ ಹಳೆ ಮಾಡ್ಯೂಲ್ ತಾರೀಖನ್ನು 19 ವರ್ಷ ಹಿಂದೆ ತೋರಿಸುತ್ತದೆ. ಬಿಸಾಡಲಾ?

ಕಾಕಾ: ಬೇಡ. ಜಿಪಿಎಸ್ ತಾರೀಖನ್ನು ವಾರಗಳಲ್ಲಿ ಎಣಿಸುತ್ತದೆ, ಆ ಎಣಿಕೆ 1024ಕ್ಕೆ ಮತ್ತೆ ಸೊನ್ನೆಯಾಗುತ್ತದೆ. ಅಷ್ಟು ವಾರ, ಅಂದರೆ 7168 ದಿನ ಸೇರಿಸಿ. ಸೆಕೆಂಡಿನ ಪಲ್ಸ್ ಸರಿಯೇ ಇರುತ್ತದೆ.

ಶಹಾಪುರ ಬೆಟ್ಟ: ಕಾಕಾ, ನನ್ನದು ಯಾದಗಿರಿ ಜಿಲ್ಲೆ. ಜಿಪಿಎಸ್‌ಗೆ ಕಟ್ಟಿದ ಓವನ್ ಕ್ರಿಸ್ಟಲ್ (ಒಂದೇ ಬಿಸಿಯಲ್ಲಿಡುವ ಡಬ್ಬಿಯೊಳಗಿನ ಕ್ರಿಸ್ಟಲ್) ಇದೆ, 10 ಮೆಗಾಹರ್ಟ್ಸ್. ಜಿಪಿಎಸ್ ನೋಡಿ ಅದನ್ನು ತಿದ್ದುತ್ತಿರುವ ಲೂಪ್ ಇದೆ. ಎರಡು ತಿಂಗಳಿಂದ ಬಂದ್ ಮಾಡಿಲ್ಲ. ಡ್ಯಾಕ್ (ಲೂಪಿನ ಸಂಖ್ಯೆಯನ್ನು ಕ್ರಿಸ್ಟಲ್ ತಿದ್ದುವ ವೋಲ್ಟೇಜ್ ಮಾಡುವ ಚಿಪ್) ಸಂಖ್ಯೆಯ ಗ್ರಾಫ್ ಹಾಕಿದ್ದೇನೆ. ದಿನಾ ಮಧ್ಯಾಹ್ನ 12:40ರ ಸುಮಾರಿಗೆ ಒಂದು ಮೆಟ್ಟಿಲು ಏರುತ್ತದೆ, ಸಂಜೆ 5ರ ಮೇಲೆ ಇಳಿಯುತ್ತದೆ. ಲಾಕ್ (ಜಿಪಿಎಸ್ ಜೊತೆಗಿನ ಹೊಂದಾಣಿಕೆ) ಮಾತ್ರ ಒಮ್ಮೆಯೂ ತಪ್ಪಿಲ್ಲ.

ಬೀದರ್ ಬಿಸಿಲು: ಕ್ರಿಸ್ಟಲ್‌ಗೆ ವಯಸ್ಸಾಗಿದೆ. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ತೆಗೆದರೆ ಹೊಸದಾಗುತ್ತದೆ ಅಂತ ನಮ್ಮ ಇನ್ನೊಂದು ಗ್ರೂಪಿನಲ್ಲಿ ಬಂದಿತ್ತು, ಫಾರ್ವರ್ಡ್ ಮಾಡುತ್ತೇನೆ.

ಕಾಕಾ: ಮಾಡಬೇಡಿ. ಫ್ರಿಜ್ ಇರುವುದು ಕೊತ್ತಂಬರಿಗೆ. ತಣ್ಣಗೆ ಮಾಡಿ ಮತ್ತೆ ಬಿಸಿ ಮಾಡಿದರೆ ಕ್ರಿಸ್ಟಲ್ ಹಳೆಯ ಜಾಗಕ್ಕೇ ಬಂದು ಕೂರುವುದಿಲ್ಲ, ಪಕ್ಕಕ್ಕೆ ಕೂರುತ್ತದೆ. ಎರಡು ತಿಂಗಳು ಹಚ್ಚಿಟ್ಟಿದ್ದು ದಂಡ.

ಶಹಾಪುರದವರೇ, ನಿಮ್ಮ ಮನೆಯಲ್ಲಿ 12:40ಕ್ಕೆ ಕೂಲರ್ ಹಚ್ಚುತ್ತೀರಾ?

ಶಹಾಪುರ ಬೆಟ್ಟ: ಹೌದ್ರಿ! ಊಟಕ್ಕೆ ಮೊದಲು. ಅದೇ ಕೋಣೆ. ಹೇಗೆ ಗೊತ್ತಾಯಿತು?

ಕಾಕಾ: ನಮ್ಮ ಕಡೆ ಮೇನಲ್ಲಿ ಆ ಹೊತ್ತಿಗೆ ಇನ್ನೇನು ಹಚ್ಚುತ್ತಾರೆ? ಆದರೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಉತ್ತರ. ಕೂಲರ್ ಎರಡು ಕೆಲಸ ಮಾಡುತ್ತದೆ. ಒಂದು, ತಣ್ಣನೆ ಗಾಳಿ ಡಬ್ಬಿಗೆ ಬಡಿಯುತ್ತದೆ. ಎರಡು, ಮೋಟಾರ್ ಮತ್ತು ಪಂಪ್ ಸೇರಿ ಆ ಲೈನಿನ ಕರೆಂಟ್ ಎಳೆಯುತ್ತವೆ, ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ನಿಮ್ಮದು ಅಗ್ಗದ ಅಡಾಪ್ಟರ್ ಆಗಿದ್ದರೆ ಅದು ಒಳಗಿನ ತನಕ ಬರುತ್ತದೆ.

ಯಾವುದು ಕಳ್ಳ ಅಂತ ಈ ಗ್ರಾಫ್ ಹೇಳುವುದಿಲ್ಲ. ನೀವು ಹತ್ತು ನಿಮಿಷಕ್ಕೊಂದು ಚುಕ್ಕೆ ಇಟ್ಟಿದ್ದೀರಿ. ಪ್ರತಿ ಸೆಕೆಂಡ್ ಬರೆದಿಡಿ. ಗಾಳಿಯದಾದರೆ ಗೆರೆ ಅರ್ಧ ಗಂಟೆ ಎಳೆದುಕೊಂಡು ಏರುತ್ತದೆ. ಓವನ್ ದಪ್ಪ, ಲಗೂ ತಣ್ಣಗಾಗುವುದಿಲ್ಲ. ವೋಲ್ಟೇಜಿನದಾದರೆ ಸ್ವಿಚ್ ಹಾಕಿದ ಕೂಡಲೇ ಹಾರುತ್ತದೆ, ಆಮೇಲೆ ಲೂಪ್ ತನ್ನ ವೇಗದಲ್ಲಿ ಸುಧಾರಿಸಿಕೊಳ್ಳುತ್ತದೆ. ಒಂದು ದಿನ ಕೂಲರ್ ಮುಖ ಬೇರೆ ಕಡೆ ತಿರುಗಿಸಿ ಹಚ್ಚಿ. ಇನ್ನೊಂದು ದಿನ ಕೂಲರ್ ಇದ್ದಲ್ಲೇ ಇರಲಿ, ಡಬ್ಬಿಯನ್ನು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಸಿ. ಬದಲಿಸುವಾಗ ಎರಡನ್ನೂ ಒಂದು ಕ್ಷಣ ಡಯೋಡ್ ಮೂಲಕ ಜೋಡಿಸಿಡಿ, ಓವನ್ ಆರಬಾರದು.

ಇನ್ನೊಂದು ಮಾತು. ಡ್ಯಾಕ್ ಸಂಖ್ಯೆ ಬದಲಾಯಿತು ಅಂದರೆ ಕ್ರಿಸ್ಟಲ್ ಬದಲಾಯಿತು ಅಂತಲ್ಲ. ಕೆಲವು ಬೋರ್ಡ್‌ಗಳಲ್ಲಿ ಡ್ಯಾಕ್‌ಗೆ ರೆಫರೆನ್ಸ್ (ಅಳತೆಗೋಲಾದ ವೋಲ್ಟೇಜ್) ಅಂದರೆ ಬೋರ್ಡಿಗೆ ಕರೆಂಟ್ ಕೊಡುವ ಅದೇ 5 ವೋಲ್ಟ್ ರೆಗ್ಯುಲೇಟರ್. ಅದು ಅಲುಗಿದರೆ ಲೂಪ್ ಸಂಖ್ಯೆ ಬದಲಿಸಿ ಕ್ರಿಸ್ಟಲ್‌ಗೆ ಹಳೆಯ ವೋಲ್ಟೇಜನ್ನೇ ಕೊಡುತ್ತದೆ. ನೀವು ನೋಡುತ್ತಿರುವುದು ರೋಗ ಅಲ್ಲ, ಔಷಧಿ. ಲಾಕ್ ಇರುವ ತನಕ ಹೊರಗೆ ಬರುವ 10 ಮೆಗಾಹರ್ಟ್ಸ್ ಸರಾಸರಿಗೆ ಸರಿಯೇ. ತೊಂದರೆ ಜಿಪಿಎಸ್ ತಪ್ಪಿದಾಗ. ತಿದ್ದುವ ವೋಲ್ಟೇಜ್ ಒಂದು ವೋಲ್ಟ್ ಬದಲಾದರೆ ಕ್ರಿಸ್ಟಲ್ ಒಂದು ಹರ್ಟ್ಸ್ ಸರಿಯುತ್ತದೆ ಅಂತ ಹಿಡಿಯಿರಿ. ಆಗ 2 ಮಿಲಿವೋಲ್ಟ್ ತಪ್ಪು ಅಂದರೆ ಗಂಟೆಗೆ 0.72 ಮೈಕ್ರೋಸೆಕೆಂಡ್. ನಿಮಗೆ ಅದು ಜಾಸ್ತಿಯಾ ಕಡಿಮೆಯಾ, ನೀವೇ ಹೇಳಬೇಕು. ಏನಾಯಿತು ಅಂತ ಖಂಡಿತ ಬರೆಯಿರಿ, ನನಗೇ ನಿದ್ದೆ ಬರುವುದಿಲ್ಲ.

ಕಮಲಾಪುರ: ಸರ್, ಯಾವ ಜಿಪಿಎಸ್ ಮಾಡ್ಯೂಲ್ ಒಳ್ಳೆಯದು?

ಕಾಕಾ: ಸೆಕೆಂಡಿಗೆ ಒಂದು ಪಲ್ಸ್ ಹೊರಗೆ ಕೊಡುವುದು.

ಬೀದರ್ ಬಿಸಿಲು: ನಮ್ಮದೇ ನಾವಿಕ್ (ಜಿಪಿಎಸ್ ಥರದ ಭಾರತದ ಉಪಗ್ರಹ ವ್ಯವಸ್ಥೆ) ಇರುವಾಗ ಎಲ್ಲರೂ ಅಮೆರಿಕದ ಜಿಪಿಎಸ್ ಹಿಂದೆ ಯಾಕೆ ಬಿದ್ದಿದ್ದೀರಿ?

ಗಂಜ್ ಅಂಗಡಿ: ನಾವಿಕ್‌ನ ಮೊದಲ ಉಪಗ್ರಹದ ಮೂರೂ ರುಬಿಡಿಯಂ ಪರಮಾಣು ಗಡಿಯಾರ ಕೆಟ್ಟಿದ್ದು ಮರೆತಿರಾ?

ಬೀದರ್ ಬಿಸಿಲು: ಅವು ಹೊರಗಿನಿಂದ ತಂದವು! 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಾವೇ ಮಾಡಿದ ಗಡಿಯಾರ ಇದೆ. ಓದಿಕೊಂಡು ಬನ್ನಿ.

ಗಂಜ್ ಅಂಗಡಿ: ಓದಿದ್ದೇನೆ. ನೀವು ಫ್ರಿಜ್ ಬಾಗಿಲು ಹಾಕಿ ಬನ್ನಿ.

ಅಡ್ಮಿನ್: ದಯವಿಟ್ಟು...

ಕಾಕಾ: ಹಳೆಯ ನಾವಿಕ್ ಉಪಗ್ರಹಗಳು 1176.45 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಅಗ್ಗದ ಜಿಪಿಎಸ್ ಆಂಟೆನಾ 1575.42ಕ್ಕೆ ಮಾಡಿದ್ದು. ಎನ್‌ವಿಎಸ್-01 ಎರಡರಲ್ಲೂ ಮಾತಾಡುತ್ತದೆ. ಜಗಳಕ್ಕೆ ಮೊದಲು ಆಂಟೆನಾ ನೋಡಿ.

ಜೇವರ್ಗಿ ರಸ್ತೆ: ತಾರಸಿಯಿಂದ ಡಿಶ್ ಟಿವಿ ಕೇಬಲ್ ಇಳಿದಿದೆ. ಅದನ್ನೇ ಜಿಪಿಎಸ್ ಆಂಟೆನಾಗೆ ಬಳಸಬಹುದಾ?

ಕಾಕಾ: ಕೇಬಲ್ ನಡೆಯುತ್ತದೆ. ಅದು 75 ಓಮಿನ ಬೇರೆ ಜಾತಿಯದು ಅಂತ ಹೆದರಬೇಡಿ. ಆದರೆ ಅದರ ಇನ್ನೊಂದು ತುದಿಯಲ್ಲಿ ಸೆಟ್‌ಟಾಪ್ ಬಾಕ್ಸ್ ಇದ್ದರೆ ಅದು ಕೇಬಲಿನಲ್ಲಿ 13 ಅಥವಾ 18 ವೋಲ್ಟನ್ನು ತಾರಸಿ ಕಡೆಗೆ ಕಳಿಸುತ್ತದೆ. ನಿಮ್ಮ ಆಂಟೆನಾ 3ರಿಂದ 5 ವೋಲ್ಟಿನದು. ಸತ್ತೇ ಹೋಗುತ್ತದೆ.

ಬ್ರಹ್ಮಪುರ: ಸರ್ ನನ್ನ ಗಡಿಯಾರ 18 ಸೆಕೆಂಡ್ ಮುಂದಿದೆ.

ಕಾಕಾ: ಮೇಲೆ ಓದಿ.

ಹುಮನಾಬಾದ್ ಹ್ಯಾಮ್: ಜೇಬಿನಲ್ಲಿ ಹಿಡಿಯುವ ಸ್ಪೆಕ್ಟ್ರಮ್ ಅನಲೈಸರ್ ತಂದೆ. 5 ವಾಟ್ ವಾಕಿಟಾಕಿಯ ಹಾರ್ಮೋನಿಕ್ (ಮೂಲದ ಎರಡು, ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಸೋರುವ ಸಿಗ್ನಲ್) ನೋಡಲು ನೇರ ಜೋಡಿಸಬಹುದಾ?

ಕಾಕಾ: ಬೇಡವೇ ಬೇಡ. 5 ವಾಟ್ ಅಂದರೆ ಸಿಗ್ನಲ್ ಶಕ್ತಿಯ ಲೆಕ್ಕದಲ್ಲಿ 37 ಡಿಬಿಎಂ. ಆ ಪುಟ್ಟ ಡಬ್ಬಿ ತಡೆಯುವುದು ಸುಮಾರು 10. ನಡುವೆ ಸಿಗ್ನಲ್ ತಗ್ಗಿಸುವ 40 ಡಿಬಿ ಅಟೆನ್ಯುಯೇಟರ್ ಹಾಕಿ. ಮೊದಲ ಅಟೆನ್ಯುಯೇಟರ್ 5 ವಾಟಿಗಿಂತ ಹೆಚ್ಚು ತಡೆಯಬೇಕು, ಇಲ್ಲದಿದ್ದರೆ ಅದೇ ಸುಡುತ್ತದೆ.

ಆಳಂದ ನಾಕಾ: ನಾನು ನೇರ ಜೋಡಿಸಿದ್ದೆ, ಏನೂ ಆಗಲಿಲ್ಲ.

ಹುಮನಾಬಾದ್ ಹ್ಯಾಮ್: ಈಗ ಎಷ್ಟು ಡಿಬಿ ತೋರಿಸುತ್ತದೆ ಅಂತ ಒಮ್ಮೆ ನೋಡಿದಿರಾ ಅಣ್ಣಾ?

ಆಳಂದ ನಾಕಾ: ಸ್ವಲ್ಪ ಕಡಿಮೆ ತೋರಿಸುತ್ತದೆ, ಅಷ್ಟೇ.

ಕಾಕಾ: ಅಷ್ಟೇ!

ಚಿಂಚೋಳಿ: ಸೆಕೆಂಡ್ ಹ್ಯಾಂಡ್ ಸಿಗ್ನಲ್ ಜನರೇಟರ್ ಹೈದರಾಬಾದಿನಲ್ಲಿ ಎಲ್ಲಿ ಸಿಗುತ್ತದೆ ಸರ್?

ನೌಬಾದ್ ಹುಡುಗ: ನಮಸ್ಕಾರ ಸರ್. ನಾನು ಬೀದರ್, ಡಿಪ್ಲೊಮಾ ಓದುತ್ತಿದ್ದೇನೆ. ಹಳೆ ಸಿಗ್ನಲ್ ಜನರೇಟರ್‌ನ ಪವರ್ ಸಪ್ಲೈ ಕೆಟ್ಟಿದೆ. ಸ್ಕೋಪ್ ಇಟ್ಟ ಕೂಡಲೇ ಎಂಸಿಬಿ ಬೀಳುತ್ತಿತ್ತು. ವಿಡಿಯೋದಲ್ಲಿ ಹೇಳಿದಂತೆ ಸ್ಕೋಪ್ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿದೆ. ಈಗ ಬೀಳುವುದಿಲ್ಲ. ಆದರೆ ಮುಟ್ಟಿದಾಗ ಜುಮ್ ಅನ್ನುತ್ತದೆ. ಸರಿನಾ?

ಕಾಕಾ: ತಮ್ಮಾ, ಮೊದಲು ಪ್ಲಗ್ ಕಿತ್ತು ಬಾ. ಆಮೇಲೆ ಓದು.

ಸ್ಕೋಪಿನ ಲೋಹದ ಮೈ, ಪ್ರೋಬ್ ಸಿಕ್ಕಿಸುವ ಬಿಎನ್‌ಸಿ ಸಾಕೆಟ್ಟಿನ ಹೊರಭಾಗ, ಪ್ರೋಬಿನ ಕ್ಲಿಪ್ಪು, ಮೂರೂ ಒಂದೇ ತಂತಿ. ಆ ತಂತಿ ಅರ್ಥ್ ಪಿನ್ನಿಗೆ ಹೋಗುತ್ತದೆ. ಸಪ್ಲೈನ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡುಗಳು) ದಾಟಿದ ಕಡೆ ಇರುವ ಗ್ರೌಂಡ್, ಅರ್ಥ್ ಅಲ್ಲ. ಅದು ಮೇನ್ಸ್ ಜೊತೆ ಜಿಗಿಯುತ್ತಿರುತ್ತದೆ. ನೀನು ಕ್ಲಿಪ್ ಹಾಕಿದ್ದು ಅಲ್ಲಿ. ಎಂಸಿಬಿ ಬಿದ್ದಿದ್ದು ನಿನ್ನನ್ನು ಉಳಿಸಲು. ನೀನು ಅದರ ಬಾಯಿ ಮುಚ್ಚಿದೆ. ಈಗ ಕ್ಲಿಪ್ ಹಾಕಿದಾಗೆಲ್ಲ ಸ್ಕೋಪಿನ ಇಡೀ ಮೈಗೆ 230 ವೋಲ್ಟ್ ಮೇನ್ಸ್, ಅಲೆಯ ತುದಿಯಲ್ಲಿ 325. ಕ್ಲಿಪ್ ಇಲ್ಲದಾಗ ಜುಮ್ ಅನ್ನುವುದು ಸ್ಕೋಪಿನೊಳಗಿನ ಫಿಲ್ಟರ್ ಕೆಪಾಸಿಟರಿನಿಂದ ಸೋರುವ ಕರೆಂಟ್. ಮುಟ್ಟಿದರೆ ಎರಡೂ ಒಂದೇ ಥರ ಅನಿಸುತ್ತದೆ ಅಂತ ತಿಳಿಯಬೇಡ. ಎರಡನೆಯ ಸಲ ಅನಿಸಲಿಕ್ಕೆ ನೀನಿರುವುದಿಲ್ಲ.

ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸ್ಕೋಪಿಗಲ್ಲ, ರಿಪೇರಿಯ ಸಾಮಾನಿಗೆ. ಅದು ನಿನ್ನ ಹತ್ತಿರ ಇಲ್ಲದಿದ್ದರೆ, ಡಿಫರೆನ್ಷಿಯಲ್ ಪ್ರೋಬ್ (ಅರ್ಥ್‌ಗೆ ಕಟ್ಟದೆ ಎರಡು ಜಾಗಗಳ ನಡುವೆ ಅಳೆಯುವುದು) ಇರುವವರ ಹತ್ತಿರ ಹೋಗು. ನಿಮ್ಮ ಲ್ಯಾಬಿನಲ್ಲಿ ಕೇಳು. ಮೊದಲ ಸಲ ಹಚ್ಚುವಾಗ ಕರೆಂಟ್ ತಡೆಯಲು ಸರಣಿಯಲ್ಲಿ 60 ವಾಟಿನ ಹಳೆ ಬಲ್ಬ್ ಇರಲಿ, ಎಲ್‌ಇಡಿ ಅಲ್ಲ. ಬಂದ್ ಮಾಡಿದ ಮೇಲೂ ದೊಡ್ಡ ಕೆಪಾಸಿಟರ್ ಹಿಡಿದಿಟ್ಟುಕೊಂಡಿರುತ್ತದೆ. ಮೀಟರಿನಲ್ಲಿ ನೋಡಿಯೇ ಕೈ ಹಾಕು. ಪಿನ್ ಇವತ್ತೇ ಹಾಕಿಸು.

ಬೀದರ್ ಬಿಸಿಲು: ರಬ್ಬರ್ ಚಪ್ಪಲಿ ಹಾಕಿಕೊಂಡು, ಒಂದು ಕೈ ಜೇಬಿನಲ್ಲಿ ಇಟ್ಟುಕೊಂಡರೆ ಏನೂ ಆಗುವುದಿಲ್ಲ.

ಕಾಕಾ: ನೀವು ಇನ್ನು ಒಂದು ಉಪಾಯ ಹಾಕಿದರೆ ನಾನು ಗ್ರೂಪ್ ಬಿಡುತ್ತೇನೆ. ಜೇಬಿನಲ್ಲಿ ಕೈ ಇಡುವುದು ಎಲ್ಲ ಸರಿ ಮಾಡಿದವನ ಕೊನೆಯ ಎಚ್ಚರ. ಪಿನ್ ಕತ್ತರಿಸಿದವನಿಗೆ ಅದು ಪರವಾನಗಿ ಅಲ್ಲ.

ಬೀದರ್ ಬಿಸಿಲು: ಒಳ್ಳೆಯದಕ್ಕೇ ಹೇಳಿದೆ. ಇಲ್ಲಿ ಯಾರೂ ಬಾಯಿ ತೆರೆಯುವ ಹಾಗಿಲ್ಲ.

ಕೋಟೆ ಹತ್ತಿರ: ಕಾಕಾ, ಬಹಮನಿ ಕೋಟೆಯಲ್ಲಿ ಬಿಸಿಲಿನ ನೆರಳು ನೋಡಿ ಗಡಿಯಾರ ಸರಿ ಮಾಡಬಹುದಾ? 12ಕ್ಕೆ ನೆರಳು ನೇರ ಬರಲೇ ಇಲ್ಲ.

ಕಾಕಾ: ಬರುವುದಿಲ್ಲ. ನಮ್ಮ ಸಮಯ 82.5 ಡಿಗ್ರಿ ರೇಖಾಂಶದ್ದು. ಕಲಬುರಗಿ ಸುಮಾರು 76.8. ಸರಾಸರಿ ಮಧ್ಯಾಹ್ನ 12:23ಕ್ಕೆ. ಋತು ನೋಡಿ ಅದೂ ಕಾಲು ಗಂಟೆ ಆಚೀಚೆ.

ಬ್ರಹ್ಮಪುರ: ಮೇಲೆ ಓದಿದೆ ಸರ್. ಆದರೂ 18 ಮುಂದಿದೆ.

ಶಹಾಪುರ ಬೆಟ್ಟ (ಬುಧವಾರ): ಕಾಕಾ, ಮಾಡಿ ನೋಡಿದೆ. ಕೂಲರ್ ತಿರುಗಿಸಿದರೂ ಮೆಟ್ಟಿಲು ಹಾಗೇ ಉಳಿಯಿತು. ಬ್ಯಾಟರಿಯಲ್ಲಿ ನಡೆಸಿದಾಗ ಮೆಟ್ಟಿಲು ಹೋಯಿತು, ಒಂದು ಸಣ್ಣ ಇಳಿಜಾರು ಮಾತ್ರ ಉಳಿದಿದೆ, ಸುಮಾರು 40 ನಿಮಿಷದ್ದು.

ಕಾಕಾ: ಶಾಬಾಸ್! ಮೆಟ್ಟಿಲು ಅಡಾಪ್ಟರಿನದು, ಇಳಿಜಾರು ಗಾಳಿಯದು. ಟ್ರಾನ್ಸ್‌ಫಾರ್ಮರ್ ಇರುವ ಒಳ್ಳೆ ಲೀನಿಯರ್ ಸಪ್ಲೈ ಹಾಕಿ. ಡಬ್ಬಿಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಕವಿಚಿ, ಗಾಳಿ ನೇರ ಬಡಿಯಬಾರದು. ಥರ್ಮೋಕೋಲಿನಲ್ಲಿ ಪೂರ್ತಿ ಮುಚ್ಚಬೇಡಿ, ಮೇನಲ್ಲಿ ಓವನ್‌ಗೇ ಉಸಿರು ಕಟ್ಟುತ್ತದೆ. ಹೊಸ ಗ್ರಾಫ್ ಹಾಕಿ.

ನೌಬಾದ್ ಹುಡುಗ ಎಲ್ಲಿ? ಪಿನ್ ಹಾಕಿಸಿದೆಯಾ? ಫೋಟೋ ಹಾಕು.

ನೌಬಾದ್ ಹುಡುಗ: ಹಾಕಿಸಿದೆ ಸರ್. ಫೋಟೋ ನೋಡಿ.

ಕಾಕಾ: ಪಿನ್ ಚೆನ್ನಾಗಿದೆ. ನೀನು ಚುಚ್ಚಿರುವ ಎಕ್ಸ್‌ಟೆನ್ಷನ್ ಬೋರ್ಡಿನ ವೈರ್ ತುದಿಗೆ ಎರಡೇ ಪಿನ್ನಿದೆ. ಅದನ್ನೂ ಬದಲಾಯಿಸು, ಮತ್ತೆ ಫೋಟೋ ಹಾಕು.