ಭತ್ತದ ಹಾರ್ವೆಸ್ಟರ್: ರಬ್ಬರ್ ಟ್ರ್ಯಾಕ್ ಪದೇ ಪದೇ ಕಳಚುತ್ತಿದೆ

ಖಾನಾಪುರ ಭತ್ತ:
ಎಲ್ಲರಿಗೂ ನಮಸ್ಕಾರ. ನಮ್ಮದು ಖಾನಾಪುರ ತಾಲೂಕು. ಸೆಕೆಂಡ್ ಹ್ಯಾಂಡ್ ಹಾರ್ವೆಸ್ಟರ್ ಇದೆ. ಕೆಸರಲ್ಲಿ ತಿರುಗಿಸಿದರೆ ಸಾಕು, ಎಡಗಡೆ ಟ್ರ್ಯಾಕ್ (ಚಕ್ರದ ಬದಲು ಇರುವ ರಬ್ಬರ್ ಪಟ್ಟಿ) ಕಳಚಿ ಬರುತ್ತದೆ. ನಿನ್ನೆ ಎರಡು ಸಲ ಬಂತು. ಬಿಗಿ ಮಾಡುವ ಬೋಲ್ಟ್ ಕೊನೆತನಕ ತಿರುಗಿಸಿದ್ದೇನೆ, ಆದರೂ ಸಡಿಲ. ಅಂಗಡಿಯವರು "ಅಗಲ ಒಂದೇ, ಇದನ್ನೇ ಹಾಕಿ" ಅಂತ ಬೇರೆ ಮಷೀನಿನ ಟ್ರ್ಯಾಕ್ ತೋರಿಸುತ್ತಿದ್ದಾರೆ. ತಗೊಳ್ಳಲಾ? ಕೊಯ್ಲಿಗೆ ಜನ ಕಾಯ್ತಾ ಇದ್ದಾರೆ.

ಕಿತ್ತೂರು ಗ್ಯಾರೇಜ್:
ಬೇಡ ಅಣ್ಣಾ, ಈಗಲೇ ದುಡ್ಡು ಕೊಡಬೇಡಿ. ಅಗಲ ಒಂದೇ ನೋಡಿ ತಂದರೆ ಹಾಳು. ಹಳೆ ಟ್ರ್ಯಾಕಿನ ಮೇಲೆ ಮೂರು ಅಂಕಿ ಅಚ್ಚಾಗಿರುತ್ತದೆ, ಉದಾಹರಣೆಗೆ 450-90-51. ಮೊದಲನೆಯದು ಅಗಲ, ಮಿಲಿಮೀಟರಲ್ಲಿ. ಎರಡನೆಯದು ಪಿಚ್, ಅಂದರೆ ಒಳಗಿನ ಒಂದು ಕಬ್ಬಿಣದ ತುಂಡಿನ ನಡುವಿನಿಂದ ಮುಂದಿನದರ ನಡುವಿಗೆ ಇರುವ ಅಂತರ. ಮೂರನೆಯದು ಒಟ್ಟು ಎಷ್ಟು ತುಂಡು ಅನ್ನೋದು. ಪಿಚ್ ಬೇರೆಯಾದರೆ ಸ್ಪ್ರಾಕೆಟ್, ಅಂದರೆ ಟ್ರ್ಯಾಕ್ ತಿರುಗಿಸುವ ಹಲ್ಲಿನ ಚಕ್ರ, ಅದರ ಹಲ್ಲು ಸರಿಯಾಗಿ ಕೂರುವುದೇ ಇಲ್ಲ. ತುಂಡು ಕಡಿಮೆಯಾದರೆ ಏರುವುದಿಲ್ಲ, ಜಾಸ್ತಿಯಾದರೆ ಮತ್ತೆ ಸಡಿಲವೇ.

ಅಂಕಿ ಅಳಿಸಿದ್ದರೆ ಟೇಪು ಹಿಡಿಯಿರಿ. ಒಂದು ಅಂತರ ಅಳೆದರೆ ತಪ್ಪಾಗುತ್ತದೆ, ಹತ್ತು ಅಂತರ ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿ. ತುಂಡು ಎಣಿಸುವಾಗ ಶುರು ಮಾಡಿದ ಕಡೆ ಸುಣ್ಣದ ಗುರುತು ಹಾಕಿ.

ಸ್ಪ್ರಾಕೆಟ್ ಹಲ್ಲನ್ನೂ ಬೆರಳಿಂದ ಸವರಿ ನೋಡಿ. ಕೊಕ್ಕೆ ತರ ಒಂದು ಕಡೆ ಬಾಗಿದ್ದರೆ ಹೊಸ ಟ್ರ್ಯಾಕನ್ನೂ ಅದೇ ತಿನ್ನುತ್ತದೆ.

ಬೈಲಹೊಂಗಲ ರೈತ:
ಒಂದು ತುಂಡು ಕತ್ತರಿಸಿ ಜೋಡಿಸಿದರೆ ಬಿಗಿಯಾಗಲ್ವಾ?

ಕಿತ್ತೂರು ಗ್ಯಾರೇಜ್:
ಆಗಲ್ಲ ರೀ. ಒಳಗೆ ಸುತ್ತಲೂ ಉಕ್ಕಿನ ತಂತಿ ಓಡಿರುತ್ತದೆ. ಅದನ್ನು ಕತ್ತರಿಸಿದರೆ ಎಳೆತ ತಡೆಯೋದೇ ಇಲ್ಲ.

ಖಾನಾಪುರ ಭತ್ತ:
ತೊಳೆದು ನೋಡಿದೆ. ಅಂಗಡಿಯವರದ್ದು ಪಿಚ್ಚೇ ಬೇರೆ ಇತ್ತು, ವಾಪಸ್ ಕಳಿಸಿದೆ. ನಮ್ಮ ಟ್ರ್ಯಾಕಲ್ಲಿ ಬೆರಳುದ್ದದ ಒಂದು ಸೀಳು, ಅದರೊಳಗೆ ತಂತಿ ತುಕ್ಕು ಹಿಡಿದು ಕೆಂಪು ಪುಡಿ ಉದುರುತ್ತಿತ್ತು. ಪಕ್ಕದ ತಂತಿಗಳು ಆಗಲೇ ಹರಿದಿದ್ದವು. ಸ್ಪ್ರಾಕೆಟ್ ಹಲ್ಲು ನೀವು ಹೇಳಿದ ಹಾಗೇ ಕೊಕ್ಕೆ.

ಕಿತ್ತೂರು ಗ್ಯಾರೇಜ್:
ಸಿಕ್ಕಿತು ನೋಡಿ ಕಾರಣ. ಕಲ್ಲು ತಾಗಿ ಸೀಳಿ, ನೀರು ಇಳಿದಿದೆ. ತಂತಿ ಹರಿದ ಮೇಲೆ ಟ್ರ್ಯಾಕ್ ಹಿಗ್ಗುತ್ತದೆ, ಬೋಲ್ಟ್ ಏನು ಮಾಡೀತು? ಟ್ರ್ಯಾಕ್, ಸ್ಪ್ರಾಕೆಟ್ ಎರಡೂ ಹಾಕಿ. ಬಲಗಡೆ ಟ್ರ್ಯಾಕಿನ ಹೊರಗಿನ ರಬ್ಬರ್ ಉಬ್ಬುಗಳು ತುಂಬಾ ಸವೆದಿದ್ದರೆ ಜೋಡಿಯಾಗಿ ಬದಲಿಸಿ, ಇಲ್ಲದಿದ್ದರೆ ಮಷೀನ್ ಒಂದು ಕಡೆ ಎಳೆಯುತ್ತದೆ.

ಜಾಕ್ ಹಚ್ಚುವಾಗ ದಯವಿಟ್ಟು ಹುಷಾರು. ಹಸಿ ನೆಲದಲ್ಲಿ ಜಾಕ್ ಹೂತು ಹೋಗುತ್ತದೆ. ಗಟ್ಟಿ ಜಾಗಕ್ಕೆ ಒಯ್ದು, ಕೆಳಗೆ ದಪ್ಪ ಹಲಗೆ ಇಟ್ಟು, ಎತ್ತಿದ ಮೇಲೆ ಚೌಕಟ್ಟಿನ ಕೆಳಗೆ ಮರದ ದಿಮ್ಮಿ ಕೊಡಿ. ಬರೀ ಜಾಕ್ ನಂಬಿ ಯಾರನ್ನೂ ಅಡಿಗೆ ಬಿಡಬೇಡಿ. ಎಷ್ಟು ಬಿಗಿ ಅನ್ನೋದು ಮಷೀನಿನ ಪುಸ್ತಕದಲ್ಲಿದೆ. ಅದಕ್ಕಿಂತ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ.

ಖಾನಾಪುರ ಭತ್ತ:
ಹಾಕಿದೆವು ಅಣ್ಣಾ. ಮೂವರಿಗೆ ಅರ್ಧ ದಿನ ಹಿಡಿಯಿತು. ಇವತ್ತು ಎರಡು ಎಕರೆ ಆಯಿತು, ಬದುವಿನ ಹತ್ತಿರ ಕೆಸರಲ್ಲೇ ತಿರುಗಿಸಿದೆ, ಕಳಚಲಿಲ್ಲ. ತುಂಬಾ ಉಪಕಾರವಾಯಿತು.

ಕಿತ್ತೂರು ಗ್ಯಾರೇಜ್:
ಸಂತೋಷ. ನಾಳೆ ಸಂಜೆ ಇನ್ನೊಮ್ಮೆ ಬಿಗಿ ನೋಡಿ, ಹೊಸ ಟ್ರ್ಯಾಕ್ ಶುರುವಿಗೆ ಸ್ವಲ್ಪ ಸಡಿಲ ಆಗುತ್ತದೆ. ಡಾಂಬರು ರಸ್ತೆ ಮೇಲೆ ನಿಂತಲ್ಲೇ ತಿರುಗಿಸಬೇಡಿ.